ಹುತ್ತರಿಯ ತಂಬುಟ್ಟು



ಹುತ್ತರಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಬರೆದ ಹಾಡಿನ ದೆಸೆಯಿಂದ ಅದು ಶಾಲೆಯ ಮಕ್ಕಳ ಬಾಯಲ್ಲಿಯೂ ನೆಲಸಿತು. ಆದರೆ ಹಾಡನ್ನು ಬಲ್ಲವರೆಲ್ಲರೂ ಹಬ್ಬದ ಊಟವನ್ನೂ ಬಲ್ಲರೆಂದು ಹೇಳುವಂತಿಲ್ಲ. ಈ ದಿನ ನಾವು ಮಾತನಾಡಬೇಕೆಂದಿರುವುದು ಆ ಊಟದಲ್ಲಿ ಬಡಿಸುವ ಒಂದು ಸಿಹಿಯನ್ನು ಕುರಿತು. ತಂಬುಟ್ಟು ಎಂಬುದು ಅದರ ಹೆಸರು. ಅದನ್ನು ಮನೆಯಲ್ಲಿ ಮಾಡುವ ಬಗೆ ಯಾವುದು, ದೂರದಲ್ಲಿರುವ ನೆಂಟರಿಗೆ ಹಬ್ಬದ ಉಡುಗೊರೆಯಾಗಿ ಕಳುಹಿಸುವ ಬಗೆ ಯಾವುದು, ಎಂಬ ಎರಡು ಮಾತುಗಳನ್ನು ಹೇಳುತ್ತ, ಅವುಗಳ ನಡುವೆ ನಮ್ಮ ಮನಸ್ಸಿನಲ್ಲಿರುವ ಮತ್ತೊಂದು ಮಾತನ್ನೂ ಸೇರಿಸುವೆವು.

ಹಬ್ಬದ ಪರಿಚಯ ಸ್ವಲ್ಪ ಅವಶ್ಯ. ಕೊಡವ ಮಾತಿನಲ್ಲಿ ಇದು ಪುತ್ತರಿ. ಪುದಿಯ ಅರಿ, ಎಂದರೆ ಹೊಸ ಅಕ್ಕಿ. ನವೆಂಬರಿನ ಕೊನೆ ಅಥವಾ ಡಿಸೆಂಬರಿನಲ್ಲಿ, ಹುಣ್ಣಿಮೆಯ ಸುಮಾರಿಗೆ, ರೋಹಿಣಿ ನಕ್ಷತ್ರವನ್ನು ನೋಡಿ ಹಬ್ಬವನ್ನು ಗೊತ್ತುಮಾಡುವರು. ಈ ದಿನವನ್ನು ಪ್ರತಿಯೊಂದು ಮನೆಯವರೂ ತಮತಮಗೆ ತೋರಿದಂತೆ ಇಟ್ಟುಕೊಳ್ಳುವಂತಿಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಜೋಯಿಸರು ಮುಹೂರ್ತವನ್ನು ನಿಶ್ಚಯಿಸಿದ ಮೇಲೆ ನಾಡಿಗೆ ನಾಡೇ ಅದನ್ನು ಅನುಸರಿಸುವುದು. ನೆರೆ ಕಟ್ಟುವುದಕ್ಕೆ ಒಂದು ಹೊತ್ತು, ಕದಿರು ತೆಗೆಯುವುದಕ್ಕೆ ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು. ಅಂದು ರಾತ್ರಿ ಒಕ್ಕದವರೆಲ್ಲರೂ ತಮ್ಮ ಐನ್‌ಮನೆಯಲ್ಲಿ ಕೂಡಿ, ದೀಪ ಹಿಡಿದು ಗದ್ದೆಗೆ ಇಳಿಯುವರು. ಕೋವಿಯ ಗುಂಡು ಹಾರುವುದು. ಬತ್ತದ ಕೆಲವು ತೆನೆಗಳನ್ನು ಕೊಯ್ಯುವರು. 'ಪೊಲಿ' ಎಂಬ ಕೂಗು ಗದ್ದೆಯಿಂದ ಗದ್ದೆಗೆ ಹರಡುವುದು. ಪೊಲಿಯೆಂದರೆ ವೃದ್ಧಿಯಾಗಲಿ ಎಂದರ್ಥ. ತಂದ ಕದಿರನ್ನು ನೆಲ್ಲಕ್ಕಿಯ ತೂಗುದೀಪದ ಬಳಿ, ಬಾಗಿಲಿಗೆ, ಕಣಜಕ್ಕೆ ಕಟ್ಟಿ, ಅದರಿಂದ ಕೆಲವು ಕಾಳುಗಳನ್ನು ಸುಲಿದು ಪಾಯಸದ ಪಾತ್ರೆಗೆ ಹಾಕುವರು. ಅನಂತರ ಊಟ. ಪಾಯಸವುಂಟು, ಬೇಯಿಸಿದ ಹುತ್ತರಿ ಗೆಣಸುಂಟು, ಅದರ ಜೊತೆಗೆ ಜೇನುಂಟು, ಮತ್ತು ತಂಬುಟ್ಟುಂಟು. ಕೊಡವರು ಮಾತ್ರವೇ ಅಲ್ಲ, ಅಮ್ಮಕೊಡವರು, ಅರೆಭಾಷೆಯ ಗೌಡರು ಮೊದಲಾಗಿ ಕೊಡಗಿನಲ್ಲಿ ನೆಲಸಿ ಬತ್ತ ಬೆಳೆದ ಬೇರೆ ಜನರೂ ಈ ಹಬ್ಬವನ್ನು ಆಚರಿಸುವರು. ಹಬ್ಬದ ಹಾಡುಗಳನ್ನೂ ಕಟ್ಟುಕಟ್ಟಳೆಗಳನ್ನೂ ವಿಸ್ತಾರವಾಗಿ ತಿಳಿಯಬೇಕೆಂಬವರು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯನ್ನು ನೋಡಬೇಕು. ನಮ್ಮ ಕೆಲಸ ಇಂದು ಅಡಿಗೆಯ ಮನೆಯಲ್ಲಿ.

ತಂಬುಟ್ಟು ಎಂದೊಡನೆ ಮೈಸೂರು ಸೀಮೆಯ ಶ್ರೋತೃಗಳಿಗೆ ತಂಬಿಟ್ಟು ನೆನಪಾಗಿರಬೇಕು. ಹೆಸರು ಒಂದೇ ಬೇರಿನದು; ವಸ್ತು ಬೇರೆ. ಮೈಸೂರಿನ ತಂಬಿಟ್ಟು ಹುರಿದ ಅಕ್ಕಿಯ ಅಥವಾ ಹುರಿಗಡಲೆಯ ಹಿಟ್ಟನ್ನು ಬೆಲ್ಲದ ಪಾಕದಲ್ಲಿ ಕಲಸಿ ಕಟ್ಟಿದ ಉಂಡೆ. ಗಟ್ಟಿ ಪದಾರ್ಥ, ಡಬ್ಬಿಯಲ್ಲಿಟ್ಟರೆ ಕೆಲವು ದಿನ ಕೆಡದೆ ಇರುವುದು. ಕೊಡಗಿನ ತಂಬುಟ್ಟಿಗೆ ಪಾಕವಿಲ್ಲ. ಅದರ ಹಿಟ್ಟನ್ನು ಕೂಡಿಸುವುದು ಕಳಿತ ಬಾಳೆಯ ಹಣ್ಣು. ಆದ್ದರಿಂದ ಅದು ಮೃದು, ಆದ್ದರಿಂದಲೇ ಅಲ್ಪಾಯು. ಬೆಳಗ್ಗೆ ಮಾಡಿದುದನ್ನು ರಾತ್ರಿಯೊಳಗೆ ತಿಂದು ಮುಗಿಸಬೇಕು. ಇಂತಹ ವಸ್ತು ಉಡುಗೊರೆಗೆ ಒದಗುವುದು ಹೇಗೆಂದು ಕೇಳಬಹುದು. ಉತ್ತರ ಮಾಡುವ ವಿಧಾನದಲ್ಲಿಯೇ ಇದೆ.

ತಂಬುಟ್ಟಿನ ಅಕ್ಕಿ ಕುಸುಬಲಕ್ಕಿ. ಬೆಳ್ತಿಗೆ ಅಕ್ಕಿಯಿಂದ ಮಾಡಿದರೆ ಹಿಟ್ಟಾಗುವುದೇನೋ ನಿಜ. ಆ ಪರಿಮಳ ಬರುವುದಿಲ್ಲ. 1 ಸೇರು ಅಕ್ಕಿಯನ್ನು ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಹರಡಿ ತೇವ ಆರಿಸಬೇಕು. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಒಂದು ಸಲಕ್ಕೆ ಒಂದೆರಡು ಹಿಡಿಗಿಂತ ಹೆಚ್ಚು ಹಾಕದೆ ಹುರಿಯಬೇಕು. ಅವಸರದವರು ಸೇರನ್ನೆಲ್ಲ ಒಮ್ಮೆಗೇ ಸುರಿದು ಉರಿಯನ್ನು ಏರಿಸುವರು. ಆಗ ಕೆಳಗಿನದು ಕರಿಕಾಗುವುದು, ಮೇಲಿನದು ಹಸಿಯಾಗಿಯೇ ಉಳಿಯುವುದು. ಅಕ್ಕಿ ಮೊದಲು ಬೆಳ್ಳಗಾಗಿ, ಆಮೇಲೆ ಸ್ವಲ್ಪ ಉಬ್ಬಿ, ಕೊನೆಗೆ ಹೊಂಬಣ್ಣಕ್ಕೆ ತಿರುಗುವುದು. ಹೊಂಬಣ್ಣ ಕೆಂಪಿಗೆ ಹೊರಳುವ ಹೊತ್ತಿನಲ್ಲಿ ಇಳಿಸಬೇಕು. ಕಣ್ಣನ್ನು ನಂಬದವರು ಒಂದು ಕಾಳನ್ನು ಆರಿಸಿ ಹಲ್ಲಿನಲ್ಲಿ ಕಡಿದು ನೋಡಲಿ. ಅದು ಬಾಗದೆ ಪಟ್ಟನೆ ಮುರಿಯಬೇಕು. ಒಂದು ದೊಡ್ಡ ಚಮಚದಷ್ಟು ಮೆಂತ್ಯವನ್ನು ಬೇರೆಯಾಗಿಯೇ ಹುರಿಯಬೇಕು, ಏಕೆಂದರೆ ಮೆಂತ್ಯ ಬೇಗನೆ ಕರಿಯಾಗಿ ಕಹಿಯಾಗುವುದು. ಕೊಡಗಿನ ಏಲಕ್ಕಿ ಎಂಟು ಹತ್ತು ಕಾಯಿ ಸಾಕು. ಇವನ್ನು ಕೂಡಿಸಿ, ಪೂರ್ಣವಾಗಿ ಆರಿದ ಮೇಲೆ, ಹಿಟ್ಟು ಮಾಡಬೇಕು.

ಪೂರ್ಣವಾಗಿ ಆರಿದ ಮೇಲೆ ಎಂಬ ಮಾತಿಗೆ ಒತ್ತುಕೊಡುತ್ತೇವೆ. ಬಿಸಿಯ ಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಅದು ಒಳಗೆ ಬೆವರಿ, ಹದಿನೈದು ದಿನದಲ್ಲಿ ಮುಗ್ಗಲು ವಾಸನೆ ಬರುವುದು. ಕೊಡಗಿನ ಹವೆ ನವೆಂಬರಿನಲ್ಲಿಯೂ ಒದ್ದೆಯ ಹವೆ. ಹಿಂದಿನವರು ಇಂತಹ ಹಿಟ್ಟನ್ನು ಒಲೆಯ ಕಾವು ತಟ್ಟುವ ಅಟ್ಟದಲ್ಲಿಡುತ್ತಿದ್ದುದು ಸುಮ್ಮನೆ ಅಲ್ಲ. ಹಿಂದೆ ಒರಳು ಒನಕೆಗಳಲ್ಲಿ ಕುಟ್ಟುತ್ತಿದ್ದರು. ಈಗ ಗಿರಣಿಗೆ ಕೊಡುವರು, ಇಲ್ಲವೆ ಮನೆಯ ಮಿಕ್ಸಿಯಲ್ಲಿ ಪುಡಿ ಮಾಡುವರು. ಇದಕ್ಕಾಗಿ ಮರುಗುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಒನಕೆಯ ಹಾಡಿನ ಸೊಬಗನ್ನು ವರ್ಣಿಸುವವರಲ್ಲಿ ಒನಕೆ ಹಿಡಿದವರು ಕಡಿಮೆ. ಗಿರಣಿಯವನಿಗೆ ಹೇಳಬೇಕಾದುದು ಇಷ್ಟೇ: ಹಿಟ್ಟು ಮೈದಾದಂತೆ ನುಣ್ಣಗಾಗಬಾರದು, ಬೆರಳಿಗೆ ಸ್ವಲ್ಪ ತರಿ ಸಿಕ್ಕಬೇಕು, ಮೆಣಸಿನಕಾಯಿ ಬೀಸಿದ ಕಲ್ಲಿಗೆ ನಮ್ಮದನ್ನು ಹಾಕಬಾರದು.

ಇನ್ನು ಕಲಸುವ ವಿಷಯ. ಹಣ್ಣಿನ ಸಿಪ್ಪೆಯ ಮೇಲೆ ಕರಿಯ ಚುಕ್ಕೆಗಳು ಬಂದಿರಬೇಕು. ಅಂಗಡಿಯವನು ಮೂಲೆಗೆ ಸರಿಸಿಟ್ಟ ಗೊನೆಯೇ ಇದಕ್ಕೆ ಉತ್ತಮ. ಹಣ್ಣನ್ನು ಕೈಯಿಂದಲೇ ಚೆನ್ನಾಗಿ ಕಿವುಚಿ, ಪುಡಿಮಾಡಿದ ಬೆಲ್ಲವನ್ನೋ ಸಕ್ಕರೆಯನ್ನೋ ರುಚಿ ನೋಡಿ ಸೇರಿಸಿ, ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಕಲಸಬೇಕು. 1 ಪಾವು ಹಿಟ್ಟಿಗೆ ಐದಾರು ಹಣ್ಣು ಬೇಕಾಗಬಹುದು. ಆದರೆ ಹಣ್ಣಿನ ರಸವೇ ಇದರಲ್ಲಿ ಯಜಮಾನ, ಲೆಕ್ಕವಲ್ಲ. ನೀರು ಸರ್ವಥಾ ಕೂಡದು. ಕಲಸಿದ ಮೇಲೆ ಅರ್ಧ ಗಂಟೆ ಮುಚ್ಚಿಟ್ಟರೆ ಹುರಿದ ಹಿಟ್ಟು ಹಣ್ಣಿನ ತೇವವನ್ನು ಹೀರಿ ಹದಕ್ಕೆ ಬರುವುದು. ಎಲೆಗೆ ಬಡಿಸುವಾಗ ನಡುವೆ ಗುಳಿಮಾಡಿ ತುಪ್ಪ ಸುರಿದು, ಹುರಿದ ಎಳ್ಳನ್ನೂ ತೆಂಗಿನ ತುರಿಯನ್ನೂ ಮೇಲೆ ಉದುರಿಸುವರು. ತಂಬುಟ್ಟು ಇಷ್ಟೇ. ನೋಡುವುದಕ್ಕೆ ಚೆಂದವಿಲ್ಲ, ಕಂದು ಬಣ್ಣದ ಮುದ್ದೆ. ಮೊದಲ ಸಲ ಕಾಣುವ ಅತಿಥಿಗಳು ಸಂಕೋಚದಿಂದ ಚೂರು ತೆಗೆದುಕೊಳ್ಳುವುದನ್ನೂ, ಎರಡನೆಯ ಸಲ ತಾವಾಗಿಯೇ ಕೇಳುವುದನ್ನೂ ನಾವು ಕಂಡಿದ್ದೇವೆ.

ಈಗ ನಾವು ಮೊದಲಲ್ಲಿ ಹೇಳಿದ ಆ ಮತ್ತೊಂದು ಮಾತು. ಹುತ್ತರಿ ಹೊಸ ಅಕ್ಕಿಯ ಹಬ್ಬ. ಆದರೆ ತಂಬುಟ್ಟಿನ ಅಕ್ಕಿ ಯಾವುದು? ಕದಿರು ಕೊಯ್ಯುವುದು ಅದೇ ರಾತ್ರಿ, ಊಟವೂ ಅದೇ ರಾತ್ರಿ. ಆ ಬತ್ತವನ್ನು ಬಡಿದು, ಕುಸುಬಿ, ಒಣಗಿಸಿ, ಅಕ್ಕಿ ಮಾಡಿ, ಹುರಿದು, ಪುಡಿಗೈಯಲು ಹೊತ್ತೆಲ್ಲಿ? ಹೊಸ ಬೆಳೆಯಿಂದ ಪಾಯಸಕ್ಕೆ ಬೀಳುವುದು ಕೆಲವು ಕಾಳು ಮಾತ್ರ. ಬಟ್ಟಲು ಬಟ್ಟಲಾಗಿ ಬಡಿಸುವ ತಂಬುಟ್ಟು ಹೋದ ವರ್ಷದ ಅಕ್ಕಿಯದು. ಬತ್ತದ ನಾಡಿನಲ್ಲಿ ಹೊಸ ಬೆಳೆ ಬರುವುದಕ್ಕೆ ಮುಂಚಿನ ತಿಂಗಳುಗಳೇ ಕಷ್ಟದ ತಿಂಗಳುಗಳು. ಕರ್ಕಾಟಕದ ಮಳೆ, ನಾಟಿಯ ಕೆಲಸ, ಬರಿದಾಗುತ್ತ ಬಂದ ಕಣಜ. ಅದೆಲ್ಲವನ್ನೂ ದಾಟಿ ಹುತ್ತರಿಯವರೆಗೆ ಒಂದೆರಡು ಸೇರು ಅಕ್ಕಿಯನ್ನು ಉಳಿಸಿಕೊಂಡ ಮನೆಗೆ ಮಾತ್ರ ತಂಬುಟ್ಟು ಸಾಧ್ಯ. ಹೊಸತನ್ನು ಬರಮಾಡಿಕೊಳ್ಳುವ ರಾತ್ರಿ ನಾವು ನೆಂಟರಿಷ್ಟರಿಗೆ ಹಂಚುವುದು ಉಳಿಸಿದ ಹಳೆಯದನ್ನು. ಯಾರೂ ಇದನ್ನು ಶಾಸ್ತ್ರವಾಗಿ ವಿಧಿಸಿದಂತೆ ಕಾಣದು. ಅಡಿಗೆಯ ಅನಿವಾರ್ಯದಿಂದ ಬಂದ ಅರ್ಥವಿದು. ನಮಗೆ ಅದು ಶಾಸ್ತ್ರಕ್ಕಿಂತ ಕಡಿಮೆಯೆಂದು ತೋರುವುದಿಲ್ಲ.

ಇದರಿಂದ ಪಟ್ಟಣವಾಸಿಗಳ ಒಂದು ಸಂಕೋಚವೂ ನಿವಾರಣೆಯಾಗಬೇಕು. ಬೆಂಗಳೂರು, ಮೈಸೂರುಗಳಲ್ಲಿ ನೆಲಸಿದ ಕೊಡಗಿನ ಸಂಸಾರಗಳು ಅನೇಕ. ಅವರಲ್ಲಿ ಕೆಲವರು, ನಮಗೆ ಗದ್ದೆಯಿಲ್ಲ, ಅಂಗಡಿಯ ಅಕ್ಕಿಯಿಂದ ತಂಬುಟ್ಟು ಮಾಡಿದರೆ ಅದು ಹುತ್ತರಿಯ ತಂಬುಟ್ಟಾಗುವುದೇ, ಎಂದು ಕೇಳುವುದುಂಟು. ಆಗುವುದೆಂದೇ ನಮ್ಮ ಅಭಿಪ್ರಾಯ. ಗದ್ದೆಯಿಂದಲೇ ಬರಬೇಕಾದುದು ಕದಿರು. ಅದನ್ನು ಊರಿನಿಂದ ತರಿಸಿಕೊಳ್ಳಬೇಕು, ಇಲ್ಲವೆ ಪಟ್ಟಣದ ಕೊಡವ ಸಮಾಜದಲ್ಲಿ ಹಬ್ಬಕ್ಕೆ ಕೂಡುವವರೊಡನೆ ಪಡೆಯಬೇಕು. ತಂಬುಟ್ಟಿಗೆ ಬೇಕಾದುದು ಹಳೆಯ ಅಕ್ಕಿ, ಒಂದು ಬಾಣಲೆ ಮತ್ತು ತಾಳ್ಮೆ. ಈ ಮೂರೂ ಪಟ್ಟಣದಲ್ಲಿ ಸಿಕ್ಕುವುವು. ಮೂರನೆಯದು ಸ್ವಲ್ಪ ದುಬಾರಿ.

ಉಡುಗೊರೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕಲಸಿದ ತಂಬುಟ್ಟು ಒಂದು ದಿನದ ವಸ್ತು. ಕಲಸದ ಹಿಟ್ಟು ಎರಡು ಮೂರು ತಿಂಗಳು ಕೆಡದು. ಆದ್ದರಿಂದ ದೂರಕ್ಕೆ ಹೋಗತಕ್ಕದ್ದು ಹಿಟ್ಟು. ಕೊಡಗಿನ ಬೇರೆ ಸಿಹಿಗಳನ್ನು ಇದರೊಡನೆ ಹೋಲಿಸಿ ನೋಡಿರಿ. ಹಲಸಿನ ಅಥವಾ ಬಾಳೆಯ ಹಣ್ಣನ್ನು ಅಕ್ಕಿಯ ತರಿಯೊಡನೆ ಸೇರಿಸಿ ಕೂವಲೆಯ ಎಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸುವ ಕೂವಲೆ ಪುಟ್ಟು ಬಿಸಿಯಿರುವಾಗಲೇ ಸೊಗಸು. ಕಕ್ಕಡ ಹದಿನೆಂಟರಂದು, ಎಂದರೆ ಆಗಸ್ಟಿನ ಮೊದಲ ದಿನಗಳಲ್ಲಿ, ಮದ್ದುಸೊಪ್ಪನ್ನು ಕುದಿಸಿ ತೆಗೆದ ನೇರಿಳೆ ಬಣ್ಣದ ರಸದಿಂದ ಮಾಡುವ ಪಾಯಸವಂತೂ ಆ ದಿನದ್ದು, ಆ ಮನೆಯದು. ಆ ಸೊಪ್ಪಿನಲ್ಲಿ ಅಂದು ಹದಿನೆಂಟು ಮದ್ದುಗಳು ನೆಲಸಿರುವುವೆಂದು ಜನ ನಂಬುವರು. ಹತ್ತೊಂಬತ್ತನೆಯ ದಿನಕ್ಕೆ ಅದನ್ನು ಅಂಚೆಯಲ್ಲಿ ಕಳುಹಿಸುವುದು ಹೇಗೆ? ಕೊಡಗಿನ ಹಬ್ಬದ ಸಿಹಿಗಳಲ್ಲಿ ಹಾದಿಯ ದಣಿವನ್ನು ತಾಳಬಲ್ಲದ್ದು ನಮಗೆ ತಿಳಿದಂತೆ ತಂಬುಟ್ಟಿನ ಹಿಟ್ಟೇ. ಕೊಡಗಿಗೆ ಇಂದಿಗೂ ರೈಲಿಲ್ಲ. ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ಬಸ್ಸಿನಲ್ಲಿ ಹೊರಟ ನೆಂಟನೊಬ್ಬನ ಚೀಲದಲ್ಲಿ ಅದು ಕುಲುಕಿ, ಕುಣಿದು, ಅಂಗಿಗಳ ನಡುವೆ ಅಡಕಗೊಂಡು ಬೆಂಗಳೂರನ್ನು ಸೇರಿದರೂ ಸೇರಿದಾಗ ಹಿಟ್ಟಾಗಿಯೇ ಇರುವುದು. ಲಾಡುವನ್ನು ಕುರಿತು ಹೀಗೆ ಹೇಳುವಂತಿಲ್ಲ.

ಇಂತಹ ಉಡುಗೊರೆಯ ವಿಶೇಷವೆಂದರೆ ಅದು ಅರೆಯಾಗಿ ಬರುವುದು. ಅಂಗಡಿಯ ಮಿಠಾಯಿಯ ಪೆಟ್ಟಿಗೆಯನ್ನು ತೆರೆದು ತಿಂದರೆ ಮುಗಿಯಿತು. ತಂಬುಟ್ಟಿನ ಹಿಟ್ಟು ಬಂದರೆ ಪಡೆದವರು ಪೇಟೆಗೆ ಹೋಗಿ ಹಣ್ಣು ತರಬೇಕು, ಎಳ್ಳು ಹುರಿಯಬೇಕು, ಕಾಯಿ ತುರಿಯಬೇಕು, ಕೈ ಅಂಟು ಮಾಡಿಕೊಳ್ಳಬೇಕು. ಹುರಿಯುವ ಕಷ್ಟ ಕೊಟ್ಟವರದು, ಕಲಸುವ ಕಷ್ಟ ಪಡೆದವರದು. ಕೊಡುವವರು ಎಲ್ಲವನ್ನೂ ಮಾಡಿ ಮುಗಿಸಿಬಿಡುವ ಉಡುಗೊರೆಗಿಂತ ಇದು ನಮಗೆ ಹೆಚ್ಚು ಮರ್ಯಾದೆಯದಾಗಿ ಕಾಣುವುದು. ಸೋಮಾರಿಗಳಾದ ನೆಂಟರಿಗೆ ಇದನ್ನು ಕಳುಹಿಸಬಾರದೆಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ.

ಕೊಡುವುದನ್ನು ಕುರಿತು ಮಾತನಾಡುವಾಗ ಒಂದು ಸಂಗತಿಯನ್ನು ಮರೆಸಿ ಹೇಳಬಾರದು. ಹುತ್ತರಿಯ ದಿನಗಳಲ್ಲಿ ದುಡಿಗಳನ್ನು ಬಾರಿಸುತ್ತ ಮನೆಮನೆಗೆ ಬಂದು ಹಾಡುವವರಿಗೆ ಕೊಡುವುದು ಒಂದು ಬಗೆ. ಮದುವೆಯಾಗಿ ಹೋದ ಮಗಳ ಮನೆಗೆ, ಪಕ್ಕದ ಒಕ್ಕಕ್ಕೆ ಕೊಡುವುದು ಒಂದು ಬಗೆ. ಇವು ಸಮಾನರ ಕೊಡುಕೊಳ್ಳುವಿಕೆ. ಆದರೆ ಅದೇ ಅಂಗಳದಲ್ಲಿ, ಆ ಗದ್ದೆಯನ್ನು ಉತ್ತು ನೆಟ್ಟು ಕೊಯ್ದ ಆಳುಗಳೂ ನಿಂತಿರುತ್ತಿದ್ದರು. ಅವರಿಗೆ ಸಲ್ಲುತ್ತಿದ್ದ ಹಬ್ಬದ ಪಾಲನ್ನು ಔದಾರ್ಯವೆಂದು ಹೇಳಿಕೊಳ್ಳುವುದು ಸುಲಭ. ಅವರು ಬೆಳೆದುದನ್ನೇ ಅವರಿಗೆ ಹಿಡಿಯಷ್ಟು ಕೊಟ್ಟು, ಕೃತಜ್ಞತೆಯನ್ನು ನಿರೀಕ್ಷಿಸಿದ ದಿನಗಳಿದ್ದುವು. ತಂಬುಟ್ಟಿನ ಇತಿಹಾಸದಲ್ಲಿ ಇದೂ ಸೇರಿದೆ. ಹಾಗೆಯೇ, ಕದಿರು ತೆಗೆಯುವ ಗಂಡಸರನ್ನು ಕುಪ್ಯಚೇಲೆಗಳೊಡನೆ ಚಿತ್ರಪಟಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಅದಕ್ಕೆ ವಾರ ಮುಂಚಿತವಾಗಿ ಬಾಣಲೆಯ ಮುಂದೆ ಹೊಗೆಯಲ್ಲಿ ಕಣ್ಣೊರಸಿಕೊಂಡು ಕುಳಿತ ಹೆಂಗಸರ ಚಿತ್ರವನ್ನು ಅಷ್ಟಾಗಿ ಕಂಡಿಲ್ಲ. ಈಗ ಹುರಿಯುವ ಕೆಲಸಕ್ಕೆ ಗಂಡುಮಕ್ಕಳೂ ಕೈಹಾಕಿದರೆ ಯಾವ ಕಟ್ಟಳೆಯೂ ಮುರಿಯುವುದಿಲ್ಲ. ತೋಳಿನ ಬಲ ಬೇಡುವ ಕೆಲಸವದು.

ಇಂದು ಸಿದ್ಧವಾದ ತಂಬುಟ್ಟಿನ ಪುಡಿ ಕೊಡಗಿನ ಪೇಟೆಗಳಲ್ಲಿ ಪೊಟ್ಟಣಗಳಲ್ಲಿ ದೊರೆಯುತ್ತದೆ. ಕೈಲಾಗದ ವೃದ್ಧರಿಗೆ, ಪರದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಅದು ಉಪಕಾರಿಯೇ. ಆದರೆ ಉಡುಗೊರೆಗೆ ಅದನ್ನು ಕೊಳ್ಳುವವರು ಒಮ್ಮೆ ಮೂಸಿ ನೋಡಬೇಕು. ಹುರಿಯುವಿಕೆಯೇ ಇದರ ಜೀವ, ಮತ್ತು ಅದು ಮನೆಯಿಂದ ಮನೆಗೆ ಬೇರೆ. ಒಂದು ಮನೆಯ ಹಿಟ್ಟು ತಿಳಿಗಂದು, ಮತ್ತೊಂದರದು ಕಾಫಿಯ ಬಣ್ಣ. ಒಬ್ಬರಿಗೆ ಮೆಂತ್ಯ ಮುಂದೆ, ಮತ್ತೊಬ್ಬರಿಗೆ ಏಲಕ್ಕಿ. ಡಬ್ಬಿಯ ಮುಚ್ಚಳ ತೆರೆದೊಡನೆ ಇದು ಯಾರ ಮನೆಯದೆಂದು ಹೇಳಬಲ್ಲ ಮೂಗುಗಳು ನಮ್ಮಲ್ಲಿ ಇನ್ನೂ ಇವೆ. ಆ ಮೂಗಿಗೆ ಪೊಟ್ಟಣದಲ್ಲಿ ಕೆಲಸವಿಲ್ಲ.

ಹಳೆಯ ಅಕ್ಕಿಯ ಮಾತಿಗೆ ಮತ್ತೊಮ್ಮೆ ಬರಬೇಕಾಗಿದೆ. ಕೊಡಗಿನಲ್ಲಿ ಬತ್ತದ ಗದ್ದೆಗಳು ಕಿರಿದಾಗುತ್ತಿರುವುದು ಎಲ್ಲರೂ ಬಲ್ಲ ವಿಷಯ. ನಾಟಿಗೆ ಆಳುಗಳಿಲ್ಲ, ಕೊಯ್ಲಿಗೆ ಮುಂಚೆ ಕಾಡಾನೆ ಇಳಿಯುವುದು, ಬಂದ ಬೆಲೆ ಖರ್ಚಿಗೆ ಸಾಲದು; ಗದ್ದೆ ಪಾಳು ಬೀಳುವುದು, ಅಥವಾ ಅದರಲ್ಲಿ ಶುಂಠಿಯೋ ಅಡಿಕೆಯೋ ಏಳುವುದು. ಒಕ್ಕದ ಗದ್ದೆ ಪಾಳಾದುದರಿಂದ ನೆರೆಯವರ ಗದ್ದೆಯಲ್ಲಿ ಕದಿರು ತೆಗೆಯುವ ಮನೆಗಳೂ ಉಂಟು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಆಸುಪಾಸಿನ ಮಕ್ಕಂದೂರು, ಮುಕ್ಕೋಡ್ಲು ಮೊದಲಾದ ಕಡೆ ಗುಡ್ಡಗಳು ಕುಸಿದು, ಮನೆಗಳೂ ತೋಟಗಳೂ ಗದ್ದೆಗಳೂ ಮಣ್ಣಿನ ಕೆಳಗೆ ಹೋದುವು. ಹುತ್ತರಿ ಬಂದುದು ಮೂರು ತಿಂಗಳ ತರುವಾಯ. ಕಣಜವೇ ಕೊಚ್ಚಿಹೋದ ಮನೆಯಲ್ಲಿ ಉಳಿಸಿದ ಅಕ್ಕಿಯೆಂಬ ಮಾತಿಗೆ ಅರ್ಥವೇನು? ಅಂತಹ ಮನೆಗೆ ಹೊರಗಿನಿಂದ ಹೋಗುವ ಎರಡು ಸೇರು ಹಿಟ್ಟು ಸಿಹಿಯ ಉಡುಗೊರೆ ಮಾತ್ರವೇ ಅಲ್ಲ. ಆ ಮನೆಯವರು ಅದನ್ನು ತಾವೇ ಕಲಸಿ, ಮನೆಗೆ ಬಂದವರಿಗೆ ತಾವೇ ಬಡಿಸಬಹುದು; ಹಬ್ಬದ ದಿನ ಕೊಡುವವರ ಸಾಲಿನಲ್ಲಿಯೇ ಉಳಿಯಬಹುದು. ಕಟ್ಟಿದ ಉಂಡೆಯಿಂದ ಇದು ಆಗದು. ನಾವು ಹಿಟ್ಟಿನ ಪಕ್ಷವನ್ನು ಇಷ್ಟು ದೂರ ವಹಿಸುವುದಕ್ಕೆ ಮುಖ್ಯವಾದ ಕಾರಣ ಇದೇ.

ಕೊಡಗಿನಲ್ಲಿ ಹಬ್ಬದ ಸಿಹಿಯನ್ನು ಹಂಚುವವರು ಹುತ್ತರಿಯವರು ಮಾತ್ರವೇ ಎಂದು ಭಾವಿಸಬಾರದು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸರು ಆಶ್ರಯಕೊಟ್ಟುದರಿಂದ ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ನೆಲೆಗೊಂಡಿತು. ಕ್ರಿಸ್ಮಸ್ಸಿಗೆ ಅವರ ಮನೆಗಳಲ್ಲಿ ಮಾಡುವ ಕುಸ್ವಾರ್, ಎಂದರೆ ನೆವ್ರಿ, ಕಿಡಿಯೊ, ಗುಳಿಯೊ ಮೊದಲಾದ ತಿಂಡಿಗಳು, ತಟ್ಟೆಯಲ್ಲಿ ಬಟ್ಟೆ ಮುಚ್ಚಿ ನೆರೆಯವರ ಮನೆಗಳಿಗೆ ಹೋಗುವುವು. ಹುತ್ತರಿಯೂ ಕ್ರಿಸ್ಮಸ್ಸೂ ಕೆಲವೇ ವಾರಗಳ ಅಂತರದಲ್ಲಿ ಬರುವುದರಿಂದ ಹಿಟ್ಟು ಹೋದ ದಾರಿಯಲ್ಲಿಯೇ ಕುಸ್ವಾರಿನ ತಟ್ಟೆ ಬರಬಹುದು. ಕುಸ್ವಾರ್ ಎಣ್ಣೆಯಲ್ಲಿ ಕರಿದ ಒಣ ತಿಂಡಿ; ಬಾಳಿಕೆಯಲ್ಲಿ ನಮ್ಮ ತಂಬುಟ್ಟನ್ನು ಸೋಲಿಸುವುದೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಕಳುಹಿಸುವವರಿಗೆ ಕೆಲವು ಮಾತುಗಳು. ಹಬ್ಬದ ದಿನ ಕಕ್ಕಬ್ಬೆಯಲ್ಲಿ ಗೊತ್ತಾದೊಡನೆ ಹುರಿಯಲು ತೊಡಗಿದರೆ ಸಮಯ ಸಾಕು. ಡಬ್ಬಿಯನ್ನು ಬಿಸಿಲಿನಲ್ಲಿ ಒಣಗಿಸಿ, ಹಿಟ್ಟನ್ನು ಕಂಠದವರೆಗೆ ಅದುಮಿ ತುಂಬಬೇಕು. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಲೇಸು. ಎಳ್ಳನ್ನು ಬೇರೆ ಪೊಟ್ಟಣದಲ್ಲಿಡಬೇಕು, ಹಿಟ್ಟಿನಲ್ಲಿ ಬೆರಸಿದರೆ ಅದರ ಎಣ್ಣೆಯಿಂದ ಹಿಟ್ಟು ಕನರುವುದು. ತೆಂಗಿನ ತುರಿಯನ್ನು ಕಳುಹಿಸುವ ಗೊಡವೆಗೆ ಹೋಗಬಾರದು. ಪಡೆಯುವವರು ಕೊಡಗಿನವರಲ್ಲದಿದ್ದರೆ ಕಲಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು, ಮತ್ತು 'ನೀರು ಹಾಕಬೇಡಿ' ಎಂಬುದರ ಕೆಳಗೆ ಎರಡು ಗೀಟು ಎಳೆಯಬೇಕು. ಇಲ್ಲದಿದ್ದರೆ ಅಂಬಲಿ ಮಾಡಿ ಕುಡಿದು, ಚೆನ್ನಾಗಿತ್ತೆಂದು ಕಾಗದ ಬರೆಯುವರು.

ಪಡೆದವರಿಗೂ ಒಂದು ಮಾತು. ಡಬ್ಬಿ ಹಿಂದಿರುಗಬೇಕಾದ ವಸ್ತು, ಮತ್ತು ಅದನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆಯಿಲ್ಲ. ಅವಸರವೇನೂ ಇಲ್ಲ. ಮೈಸೂರಿನ ಮನೆಗಳಲ್ಲಿ ಸಂಕ್ರಾಂತಿಗೆ ಹೆಂಗಸರು ಮಕ್ಕಳು ಕುಳಿತು ಕೊಬ್ಬರಿ ಬೆಲ್ಲಗಳನ್ನು ಸಣ್ಣಗೆ ಹೆಚ್ಚಿ ಎಳ್ಳು ಸಿದ್ಧಮಾಡುವರಷ್ಟೆ. ಅದು ಜನವರಿಯ ನಡುವೆ. ಅಲ್ಲಿಯವರೆಗೆ ಡಬ್ಬಿಯನ್ನು ತೊಳೆದು ಒಣಗಿಸಿ ಇಟ್ಟಿದ್ದರೆ ಸಾಕು.